ಮಾಡದ ತಪ್ಪಿಗೆ ಕಾಣಿಕೆ

ಕಾಯಿಲೆ ಬಿದ್ದವರನ್ನು ನೋಡಲು ಬರುವವರಿಗೆ ಬಾಗಿಲಲ್ಲೇ ಒಂದು ಪರೀಕ್ಷೆ ಇಟ್ಟು, ಪಾಸಾದವರನ್ನು ಮಾತ್ರ ಒಳಗೆ ಬಿಡಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. ನನ್ನ ನಾಲಿಗೆಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ದೇವರು ತನಗೆ ಬೇಕಾದವರಿಗೇ ಕಷ್ಟ ಕೊಡುತ್ತಾನಂತೆ. ಹೇಳಿ, ನಮ್ಮ ಮನೆಯ ಕಾಫಿ ಕುಡಿದು, ಗಟ್ಟಿಮುಟ್ಟಾಗಿ ಎದ್ದು ನಡೆದುಹೋದರು. ಹಾಗಾದರೆ ನೀವು ದೇವರಿಗೆ ಅಷ್ಟಾಗಿ ಬೇಡದವರು ಅನ್ನಿ ಎಂದು ಕೇಳಬೇಕೆನಿಸುತ್ತಿತ್ತು. ಕೇಳುವುದಕ್ಕೆ ಬಾಯಿಯೇ ಸರಿ ಇರಲಿಲ್ಲ. ಈಗಲೂ ನಾಲ್ಕು ಮಾತು ಒಟ್ಟಿಗೆ ಆಡಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ನಡುವೆ ನೀರು ಗುಟುಕರಿಸಬೇಕು. ಬರೆಯುವುದಕ್ಕೆ ಜೊಲ್ಲು ಬೇಕಾಗಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಅರ್ಚಕರ ಹೆಂಡತಿ. ವಿರಾಜಪೇಟೆಯಿಂದ ಬಿಟ್ಟಂಗಾಲದ ಕಡೆಗೆ ಹೋಗುವಾಗ ಎಸ್ಟೇಟುಗಳ ನಡುವೆ ಒಂದು ಮಣ್ಣಿನ ದಾರಿ ಒಳಕ್ಕೆ ತಿರುಗುತ್ತದೆ. ಅದರ ಕೊನೆಗೆ ನಮ್ಮ ಗುಡಿ. ಗುಡಿಯ ಪಕ್ಕಕ್ಕೆ ಎರಡು ಹೆಂಚಿನ ಮನೆ. ಒಂದರಲ್ಲಿ ನಾವಿಬ್ಬರು, ಇನ್ನೊಂದರಲ್ಲಿ ನನ್ನ ಮೈದುನನ ಮಗ ಮತ್ತು ಅವನ ಹೆಂಡತಿ. ನಮಗಿರುವ ಒಬ್ಬಳೇ ಮಗಳನ್ನು ಕುಶಾಲನಗರಕ್ಕೆ ಕೊಟ್ಟಿದ್ದೇವೆ. ನಮ್ಮವರಿಗೆ ಮಂಡಿನೋವು ಹಿಡಿದ ಮೇಲೆ ಮಧ್ಯಾಹ್ನದ ಮತ್ತು ಸಂಜೆಯ ಪೂಜೆಯನ್ನು ಮೈದುನನ ಮಗನಿಗೆ ಒಪ್ಪಿಸಿ, ಬೆಳಗಿನ ಅಭಿಷೇಕ ಒಂದನ್ನು ತಾವು ಇಟ್ಟುಕೊಂಡಿದ್ದರು. ದೇವರ ತಲೆಯ ಮೇಲೆ ನೀರೆರೆಯುವ ಆ ಕೆಲಸವನ್ನು ಅವರು ಜೀವ ಹೋದರೂ ಬಿಡಲಾರರು ಎಂದು ಊರಿಗೆಲ್ಲ ಗೊತ್ತಿತ್ತು. ನನ್ನದು ನೈವೇದ್ಯದ ಒಲೆ. ಮದುವೆಯಾಗಿ ಬಂದ ವರ್ಷ ಅತ್ತೆ ನನ್ನ ಕೈಗೆ ಸೌಟು ಕೊಟ್ಟರು, ಅಂದಿನಿಂದ ಅದು ನನ್ನದೇ.

ದೇವರ ಅಡುಗೆಯನ್ನು ರುಚಿ ನೋಡುವ ಹಾಗಿಲ್ಲ. ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಒಲೆ ಹೊತ್ತಿಸಬೇಕು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮಾತಾಡಬಾರದು, ಮಾತಾಡಿದರೆ ಎಂಜಲು ಹಾರುತ್ತದೆ. ಬೇಕೆಂದು ಮೂಸಿಯೂ ನೋಡಬಾರದು. ಪಾಯಸಕ್ಕೆ ಬೆಲ್ಲ ಹಿಡಿಸಿತೋ ಇಲ್ಲವೋ ಎನ್ನುವುದನ್ನು ಸೌಟಿನಿಂದ ಬೀಳುವ ಧಾರೆ ನೋಡಿ ತಿಳಿದುಕೊಳ್ಳಬೇಕು. ಹುಗ್ಗಿಗೆ ಉಪ್ಪು ಎಷ್ಟೆಂದರೆ, ಅತ್ತೆಯ ಕೈ ಎಷ್ಟು ಹಾಕುತ್ತಿತ್ತೋ ಅಷ್ಟು. "ಬಾಯಿಗೆ ಕಟ್ಟಿದ ಹಾಗೇ ಆಸೆಗೂ ಒಂದು ಬಟ್ಟೆ ಕಟ್ಕೊ" ಎಂದಿದ್ದರು ಅವರು ಮೊದಲ ದಿನ. ಮಗಳು ಹೊಟ್ಟೆಯಲ್ಲಿದ್ದಾಗ ತುಪ್ಪದಲ್ಲಿ ಅಪ್ಪ ಕರಿಯುತ್ತ ನಿಂತಿದ್ದೆ. ಮೂಗಿಗೆ ಬೀಗ ಹಾಕಲು ಬರುತ್ತದೆಯೇ? ಬಟ್ಟೆಯ ಒಳಗೆ ಬಾಯಲ್ಲಿ ನೀರು ತುಂಬಿ, ನುಂಗಿ, ಮತ್ತೆ ತುಂಬಿ, ಕಣ್ಣಲ್ಲೂ ನೀರು ಬಂತು. ಆ ದಿನವೂ ಒಂದು ಚೂರು ಮುರಿದು ಬಾಯಿಗೆ ಹಾಕಲಿಲ್ಲ. ಪೂಜೆ ಮುಗಿದು, ಊರವರಿಗೆಲ್ಲ ಹಂಚಿ, ಪ್ರಸಾದವೆಂದು ಕೊನೆಗೆ ನನ್ನ ಪಾಲಿಗೆ ಬಂದಾಗ ಅಪ್ಪ ತಣ್ಣಗಾಗಿ ಚರ್ಮದ ಹಾಗೆ ನಾರುಗಟ್ಟಿತ್ತು.

ಇದನ್ನೆಲ್ಲ ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಆಮೇಲೆ ನಡೆದದ್ದಕ್ಕೆ ಇದು ಬೇಕು, ಅದಕ್ಕೆ ಹೇಳಿದೆ.

ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣು ಎದ್ದಿತು. ಹಲ್ಲು ತಾಗಿರಬೇಕೆಂದು ತುಪ್ಪ ಹಚ್ಚಿದೆ, ಜೇನು ಹಚ್ಚಿದೆ. ಅದು ಹೋಗಲಿಲ್ಲ. ವಿರಾಜಪೇಟೆಯ ಹಲ್ಲಿನ ಡಾಕ್ಟರು ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿ, ಮೈಸೂರಿಗೆ ಚೀಟಿ ಬರೆದುಕೊಟ್ಟರು. ಮೈಸೂರಿನ ಡಾಕ್ಟರು ಮೊದಲು ಕೇಳಿದ್ದೇ "ಎಲೆಅಡಿಕೆ ಹಾಕ್ತಿದ್ರಾ ಅಮ್ಮಾ?" ಎಂದು. ಹಾಕುತ್ತಿದ್ದೆ. ಊಟವಾದ ಮೇಲೆ ಹೊಗೆಸೊಪ್ಪಿನ ಚೂರು ಸೇರಿಸಿ ಹಾಕುತ್ತಿದ್ದೆ, ನಮ್ಮತ್ತೆಯೂ ಹಾಕುತ್ತಿದ್ದರು. ನಮ್ಮವರು ನನಗಿಂತ ಎರಡು ಪಾಲು ಹಾಕುತ್ತಾರೆ, ಅವರ ಬಾಯಿಗೆ ಏನೂ ಆಗಲಿಲ್ಲ. ಅಂತೂ ಡಾಕ್ಟರಿಗೆ ಕಾರಣ ಸಿಕ್ಕಿತು. ಊರಿಗೆ ಬೇರೆ ಕಾರಣ ಬೇಕಾಗಿತ್ತು ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಕರೆಂಟು, ಅಂದರೆ ರೇಡಿಯೇಷನ್, ಕೊಡುವ ದಿನಗಳಲ್ಲಿ ಮಗಳ ಮನೆಯಲ್ಲೇ ಇದ್ದೆ. ಬೆಳಗ್ಗೆ ಕುಶಾಲನಗರದಿಂದ ಅಳಿಯನ ಕಾರಿನಲ್ಲಿ ಮೈಸೂರಿಗೆ ಹೋಗುವುದು, ಮಧ್ಯಾಹ್ನಕ್ಕೆ ವಾಪಸು. ಮುಖಕ್ಕೆ ಒಂದು ಪ್ಲಾಸ್ಟಿಕ್ಕಿನ ಜಾಲರಿ ಹಾಕಿ, ಅದನ್ನು ಮೇಜಿಗೆ ತಿರುಪು ಹಾಕಿ ಬಿಗಿದು, ಅಲುಗಾಡಬೇಡಿ ಎಂದು ಹೇಳಿ ಎಲ್ಲರೂ ಹೊರಗೆ ಓಡಿಬಿಡುತ್ತಿದ್ದರು. ಆ ಕೋಣೆಯಲ್ಲಿ ನಾನು, ಆ ಯಂತ್ರ. ದೇವರ ನಾಮ ಹೇಳಿಕೊಳ್ಳಿ ಎಂದಿದ್ದಳು ನರ್ಸಮ್ಮ. ಹೇಳಿಕೊಳ್ಳಲು ಹೋದರೆ ಒಂದು ನಾಮವೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಒಲೆ. ಕಾಫಿ ಗಿಡದ ಒಣಕಟ್ಟಿಗೆ, ಕಂಚಿನ ಉರುಳಿ ಪಾತ್ರೆಯ ಅಂಚಿಗೆ ಏರುವ ನೊರೆ, ಪಕ್ಕದ ಗೋಡೆಯಾಚೆ ಇವರು ಅಭಿಷೇಕ ಮಾಡುವ ನೀರಿನ ಸದ್ದು. ಮನಸ್ಸಿನಲ್ಲೇ ಅಕ್ಕಿ ತೊಳೆದು, ಬೆಲ್ಲ ಕರಗಿಸಿ, ಪಾಯಸ ಇಳಿಸುವಷ್ಟರಲ್ಲಿ ಅವರು ಬಂದು ತಿರುಪು ಬಿಚ್ಚುತ್ತಿದ್ದರು. ನನಗೂ ದೇವರಿಗೂ ಇರುವ ಸಂಬಂಧ ಅಷ್ಟೇ ಎಂದು ಅಲ್ಲಿ ಗೊತ್ತಾಯಿತು. ಬೇರೆಯವರು ಅವನನ್ನು ಬೇಡುತ್ತಾರೆ, ಹಾಡುತ್ತಾರೆ. ನಾನು ಅವನಿಗೆ ಅಡುಗೆ ಮಾಡಿ ಹಾಕಿದವಳು. ವಾಸಿಯಾದರೆ ಆ ಒಲೆಯ ಮುಂದೆ ಹೋಗಿ ಕೂರಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಕಾಯಿಲೆ ಹೋಯಿತು ಎಂದರು. ಹೋಗುವಾಗ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಉಪ್ಪು ಬಾಯಿಗೆ ಬಿದ್ದರೆ ತಗಡು ನೆಕ್ಕಿದ ಹಾಗೆ, ಸಕ್ಕರೆ ಮರಳಿನ ಹಾಗೆ. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಗಿತ್ತು. ರುಚಿ ತಿರುಗಿ ಬರುತ್ತದಾ ಎಂದು ಕೇಳಿದ್ದಕ್ಕೆ ಡಾಕ್ಟರು, ಬಂದರೂ ಬರಬಹುದು ಎಂದರು. ನಾನು ಅವರ ಮುಖ ನೋಡಿ ಅದರ ಅರ್ಥ ಮಾಡಿಕೊಂಡೆ.

ಊರಿಗೆ ಬಂದು ನೋಡಿದರೆ ನೈವೇದ್ಯದ ಕೋಣೆಯಲ್ಲಿ ಮೈದುನನ ಮಗನ ಹೆಂಡತಿ. ನಾನಿಲ್ಲದಾಗ ಯಾರಾದರೂ ಮಾಡಬೇಕಲ್ಲ, ಅದರಲ್ಲಿ ತಪ್ಪೇನಿಲ್ಲ. ಗಾಯವೆಲ್ಲ ಮಾಗಿ ಮೈಯಲ್ಲಿ ಸ್ವಲ್ಪ ಶಕ್ತಿ ಬಂದ ಮೇಲೆ, ಇನ್ನು ನಾನೇ ಮಾಡ್ತೇನೆ ಎಂದೆ. ಅವಳು ನಕ್ಕಳು.

"ಎಂತ ದೊಡ್ಡಮ್ಮ ನೀವು! ರುಚಿಯೇ ಗೊತ್ತಾಗದಿದ್ರೆ ಅಡಿಗೆ ಮಾಡೋದು ಹೇಗೆ?"

ನಾನು ಒಂದು ಗುಟುಕು ನೀರು ಕುಡಿದು ಕೇಳಿದೆ: "ನೀನು ರುಚಿ ನೋಡಿ ಮಾಡ್ತಿದ್ದೀಯಾ?"

ಅವಳ ನಗು ನಿಂತಿತು. ನನಗೆ ಅದರಲ್ಲಿ ಎಷ್ಟು ಸಂತೋಷವಾಯಿತೆಂದರೆ, ಇಡೀ ದಿನ ಅದನ್ನೇ ನೆನೆಸಿಕೊಂಡು ಇದ್ದೆ. ಪ್ರಪಂಚದಲ್ಲಿ ನಾಲಿಗೆ ಬೇಡದ ಅಡುಗೆಮನೆ ಇದ್ದರೆ ಅದೊಂದೇ ಅಲ್ಲವೇ? ನನ್ನ ಸ್ವಂತ ಮನೆಯಲ್ಲಿ ಸಾರಿಗೆ ಉಪ್ಪು ಹಾಕಲು ನನಗೀಗ ಭಯ. ನಮ್ಮವರು ಏನು ಬಡಿಸಿದರೂ ತುಟಿಪಿಟಕ್ಕೆನ್ನದೆ ಉಣ್ಣುತ್ತಾರೆ, ಅದರಿಂದ ಭಯ ಇನ್ನೂ ಹೆಚ್ಚು. ಆದರೆ ದೇವರ ಒಲೆಯ ಮುಂದೆ ನನ್ನ ಕೈ ಇದ್ದ ಹಾಗೇ ಇತ್ತು. ಇದನ್ನು ಮೈದುನನ ಮಗನಿಗೂ ಬಿಡಿಸಿ ಹೇಳಿದೆ. ಅವನು ನೆಲ ನೋಡುತ್ತ, "ಪ್ರಶ್ನೆ ಒಂದು ಮುಗೀಲಿ ದೊಡ್ಡಮ್ಮ, ಆಮೇಲೆ ನೋಡುವ" ಎಂದ.

ಪ್ರಶ್ನೆ ಎಂದರೆ ಗುಡಿಯ ವಿಷಯದಲ್ಲಿ ಕವಡೆ ಹಾಕಿ ಕೇಳುವುದು. ಆ ವರ್ಷ ಗುಡಿಯ ಹೆಂಚಿನ ಮಾಡು ಬಿಚ್ಚಿ ಹೊಸದು ಮಾಡಿಸಿ ದೇವರಿಗೆ ಬ್ರಹ್ಮಕಲಶದ ಅಭಿಷೇಕ ಮಾಡಿಸಬೇಕೆಂದು ಸಮಿತಿಯವರು ನಿಶ್ಚಯಿಸಿದ್ದರು. ಅಂಥ ಕೆಲಸಕ್ಕೆ ಕೈಹಾಕುವ ಮೊದಲು, ದೇವರ ಮನಸ್ಸಿನಲ್ಲಿ ಏನಿದೆ, ಸ್ಥಳದಲ್ಲಿ ಯಾವ ದೋಷವಿದೆ ಎಂದು ಕೇಳಿ ಪರಿಹಾರ ಮಾಡಿಸುವುದು ನಮ್ಮಲ್ಲಿ ಪದ್ಧತಿ. ದೋಷವಿಲ್ಲ ಎಂದು ಹೇಳಿದ ಪ್ರಶ್ನೆಯನ್ನು ನಾನಂತೂ ಈ ವಯಸ್ಸಿನವರೆಗೆ ಕೇಳಿಲ್ಲ.

ಕೇರಳದ ಕಡೆಯಿಂದ ಜೋಯಿಸರು ಬಂದರು. ಅಂಗಳದಲ್ಲಿ ಶಾಮಿಯಾನ, ಊರವರೆಲ್ಲ ಕುರ್ಚಿಗಳಲ್ಲಿ, ನಾವು ಹೆಂಗಸರು ಹಿಂದೆ ಚಾಪೆಯ ಮೇಲೆ. ಜೋಯಿಸರು ಕವಡೆ ಉಜ್ಜಿದರು, ಭಾಗ ಮಾಡಿದರು, ಮಲಯಾಳ ಬೆರೆತ ಕನ್ನಡದಲ್ಲಿ ಒಂದೊಂದಾಗಿ ಹೇಳಿದರು. ನಾಗನ ಕಟ್ಟೆ ಬಿರುಕು ಬಿಟ್ಟಿದೆ, ನಿಜ. ಬಾವಿಯ ನೀರು ಕೆಟ್ಟಿತ್ತು, ನಿಜ. ಆಮೇಲೆ ಕವಡೆಯನ್ನು ಇನ್ನೊಮ್ಮೆ ಭಾಗ ಮಾಡಿ ಹೇಳಿದರು: "ನೈವೇದ್ಯದಲ್ಲಿ ಎಂಜಲು ಕಾಣ್ತದೆ. ದೇವರಿಗೆ ಮುಟ್ಟುವ ಮುಂಚೆ ಯಾರದೋ ಬಾಯಿ ಮುಟ್ಟಿದೆ. ಕೆಲವು ವರ್ಷದಿಂದ ಉಂಟು."

ಯಾರದು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಮುಂದೆ ಕುರ್ಚಿಯಲ್ಲಿದ್ದವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಕುತ್ತಿಗೆಗೆ ಶಾಲು ಸುತ್ತಿಕೊಂಡು ಕೂತಿದ್ದವಳು ನಾನೊಬ್ಬಳೇ. ನಾಲಿಗೆಗೇ ಯಾಕೆ ಬಂತು ಎಂದು ಇಷ್ಟು ದಿನ ಒಳಗೊಳಗೇ ಯೋಚಿಸಿದವರಿಗೆಲ್ಲ ಆವತ್ತು ಉತ್ತರ ಸಿಕ್ಕಿತು. ನನ್ನ ಪಕ್ಕದಲ್ಲಿದ್ದವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ನೆಪದಲ್ಲಿ ಸ್ವಲ್ಪ ಆಚೆ ಸರಿದಳು.

ಪರಿಹಾರವೂ ಬಂತು. ತಪ್ಪು ಮಾಡಿದವರು ಒಂದು ನಾಣ್ಯವನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡು, ತಪ್ಪು ಕಾಣಿಕೆ ಇಡಬೇಕು. ಆಮೇಲೆ ಶುದ್ಧಿ. ಅಲ್ಲಿಯವರೆಗೆ ಗುಡಿಯ ಒಂದು ಹೆಂಚನ್ನೂ ತೆಗೆಯುವ ಹಾಗಿಲ್ಲ.

ಸಮಿತಿಯ ಅಧ್ಯಕ್ಷರು ಎಸ್ಟೇಟಿನ ಸಾಹುಕಾರರು, ಕೆಟ್ಟವರಲ್ಲ. ಮಾರನೆಯ ದಿನ ಒಂದು ಡಜನ್ ಕಿತ್ತಳೆ ಹಿಡಿದುಕೊಂಡು ಮನೆಗೆ ಬಂದರು. ಹುಳಿ ತಾಗಿದರೆ ನನ್ನ ಬಾಯಿ ಉರಿದುಹೋಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

"ನೋಡಿ ಅಮ್ಮಾ, ನಿಮ್ಮನ್ನು ಯಾರೂ ಬ್ಲೇಮ್ ಮಾಡುವುದಿಲ್ಲ. ಮನುಷ್ಯ ಅಲ್ವಾ, ಯಾವತ್ತೋ ಒಂದು ದಿನ ಮರೆತು ಆಗಿರ್ತದೆ. ಒಂದು ಗಂಟು ಇಟ್ಟು ಬಿಡಿ, ಫಿನಿಶ್. ಮತ್ತೆ ನೀವೇ ನೈವೇದ್ಯ ಮಾಡಿ, ಯಾರು ಬೇಡ ಹೇಳ್ತಾರೆ ನಾನು ನೋಡ್ತೇನೆ."

ಅಂದರೆ, ಮಾಡಿದೆ ಎಂದರೆ ಒಲೆ ಸಿಗುತ್ತದೆ. ಮಾಡಿಲ್ಲ ಎಂದರೆ ಇಲ್ಲ.

"ಮಾಡದ್ದನ್ನು ಮಾಡಿದೆ ಅಂತ ದೇವರ ಮುಂದೆ ಹೇಗೆ ಹೇಳಲಿ?" ಎಂದೆ.

"ಅದೇ ಹೇಳಿದೆನಲ್ಲ, ಮರೆತಿರ್ಬಹುದು."

ಅವರು ಹೋದ ಮೇಲೆ ಕಿತ್ತಳೆಯನ್ನೆಲ್ಲ ದನಕ್ಕೆ ಹಾಕಿಬಿಟ್ಟೆ.

ನಾನು ಗಂಟು ಇಡಲಿಲ್ಲ. ಮಳೆಗಾಲ ಕಳೆಯಿತು. ಗುಡಿಯ ಕೆಲಸಕ್ಕೆಂದು ತಂದಿಳಿಸಿದ ಮರದ ತೊಲೆಗಳು ಅಂಗಳದಲ್ಲಿ ಟಾರ್ಪಾಲು ಹೊದ್ದು ಬಿದ್ದಿದ್ದವು. ಬಂದವರೆಲ್ಲ ಮೊದಲು ಆ ತೊಲೆಗಳನ್ನು ನೋಡುತ್ತಿದ್ದರು, ಆಮೇಲೆ ನಮ್ಮ ಮನೆಯನ್ನು. ಒಬ್ಬ ಮುದುಕಿಯ ಹಠದಿಂದ ದೇವರ ಕೆಲಸ ನಿಂತಿದೆ ಎಂದು ನನ್ನ ಕಿವಿಗೆ ಬೀಳುವ ಹಾಗೇ ಆಡಿಕೊಂಡರು. ತೀರ್ಥ ಕೊಡುವಾಗ ಮೈದುನನ ಮಗ ಸೌಟನ್ನು ಒಂದು ಗೇಣು ಮೇಲೆ ಹಿಡಿಯತೊಡಗಿದ. ಅವನು ಕೂಸಾಗಿದ್ದಾಗ ಅವನ ಮೂಗು ಒರೆಸಿದ ಕೈಗೆ ಅವನು ಮೇಲಿಂದ ತೀರ್ಥ ಬಿಟ್ಟ. ಅಂದಿನಿಂದ ನಾನು ತೀರ್ಥಕ್ಕೆ ಹೋಗುವುದನ್ನು ಬಿಟ್ಟೆ.

ಹಾಲು ತರುವ ಗೌಡರ ಮನೆಯ ಹೆಂಗಸು ಒಬ್ಬಳು ಮಾತ್ರ ಎಂದಿನಂತೆ ಅಡುಗೆಮನೆಯ ಬಾಗಿಲವರೆಗೆ ಬಂದು ಕೂರುತ್ತಿದ್ದಳು. "ನಿಮ್ಮ ಬಾಯಿ ವಿಷ್ಯ ನಿಮಿಗೆ ಗೊತ್ತುಟ್ಟಲ್ಲಾ ಅಮ್ಮಾ, ಸಾಕು" ಎಂದಳು ಒಂದು ದಿನ, ಅವಳ ಅರೆಭಾಷೆಯಲ್ಲಿ. ಒಳ್ಳೆಯ ಮಾತೇ. ಆದರೆ ನನಗೆ ಸಾಕಾಗಲಿಲ್ಲ. ನನಗೆ ಗೊತ್ತಿದ್ದರೆ ಏನು ಬಂತು? ಇನ್ನೊಬ್ಬನಿಗೂ ಗೊತ್ತಿತ್ತು. ಅಷ್ಟು ವರ್ಷ ನನ್ನ ಕೈಯಡುಗೆ ಉಂಡು, ಅದು ಎಂಜಲೋ ಅಲ್ಲವೋ ಎಂದು ಚೆನ್ನಾಗಿ ಗೊತ್ತಿದ್ದವನು ಒಳಗೆ ಕಲ್ಲಿನ ಹಾಗೆ ನಿಂತಿದ್ದ. ಕರುಣಾಸಾಗರ ಎಂದು ದಿನಾ ಬೆಳಗ್ಗೆ ಅವನನ್ನು ಕರೆಯುತ್ತಾರೆ. ಆ ಸಾಗರದಿಂದ ನನ್ನ ಒಣಬಾಯಿಗೆ ಒಂದು ಹನಿ ಬೀಳಲಿಲ್ಲ. ನಮ್ಮ ಮನೆಯ ದೇವರ ಗೂಡಿಗೆ ದೀಪ ಹಚ್ಚುವುದನ್ನೂ ಒಂದಷ್ಟು ದಿನ ನಿಲ್ಲಿಸಿದೆ. ಇವರು ನೋಡಿದರು, ತಾವೇ ಹಚ್ಚಿದರು.

ಊರಿನ ಮೇಲೆ, ದೇವರ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಇದ್ದದ್ದು ಇವರ ಮೇಲೆ. ನಮ್ಮವರದು ಒಂದು ಸ್ವಭಾವ: ಕಣ್ಣಾರೆ ಕಾಣದ್ದನ್ನು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ. ಹೊರಗೆ ಮಳೆ ಬರುತ್ತಿದೆಯಾ ಎಂದು ಕೇಳಿದರೆ ಎದ್ದು ಹೋಗಿ ನೋಡಿಬಂದು ಹೇಳುವ ಜನ. ಸುಳ್ಳು ಎನ್ನುವುದು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ನೆಂಟರ ಮನೆಯಲ್ಲಿ ಊಟ ಚೆನ್ನಾಗಿತ್ತು ಎಂದು ಬಾಯುಪಚಾರಕ್ಕೂ ಹೇಳದೆ ನನ್ನ ಮಾನ ಕಳೆದವರು. ಅವರನ್ನು ನಾನು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದೆ.

"ನಾನು ದೇವರ ಅಡಿಗೆ ಎಂಜಲು ಮಾಡಿದೆ ಅಂತ ನಿಮಗೂ ಅನಿಸ್ತದಾ?"

"ನಾನು ಒಲೆಯ ಹತ್ರ ಇದ್ದೆನಾ? ನನಗೆ ಹೇಗೆ ಗೊತ್ತಾಗ್ಬೇಕು?"

"ಇಷ್ಟು ವರ್ಷ ಒಟ್ಟಿಗೆ ಬಾಳಿದ್ದೀರಿ. ಇಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ಆಗುವುದಿಲ್ವಾ?"

"ಕಾಣದ್ದನ್ನು ಹೇಗೆ ಹೇಳುವುದು ಮಾರಾಯ್ತಿ."

ತಟ್ಟೆ ಎತ್ತಿ ಒಳಗೆ ಹೋಗುತ್ತಿದ್ದೆ. ಸಾಯುವ ಮುಂಚೆ ಗಂಡನ ಬಾಯಿಂದ ಒಂದು ಒಳ್ಳೆಯ ಮಾತು ಕೇಳುವ ಯೋಗ ಇಲ್ಲವೆಂದು ತೀರ್ಮಾನ ಮಾಡಿದ್ದೆ. ಹೊತ್ತಿಗೆ ಸರಿಯಾಗಿ ಅವರಿಗೆ ಬಿಸಿನೀರು ಕೊಟ್ಟೆ, ಮಂಡಿಗೆ ಎಣ್ಣೆ ತಿಕ್ಕಿದೆ, ಮಾತು ಮಾತ್ರ ಕಡಿಮೆ ಮಾಡಿದೆ. ಮಾತು ಕಡಿಮೆ ಮಾಡಲು ನನಗೆ ಕಾಯಿಲೆಯ ನೆಪವೂ ಇತ್ತು.

ಸಂಕ್ರಮಣದ ದಿನ ಬಂತು. ತಿಂಗಳಿಗೊಮ್ಮೆ ಆ ದಿನ ಊರವರು ಬೆಳಗಿನ ಪೂಜೆಗೇ ಬರುತ್ತಾರೆ. ಬೆಳಗ್ಗೆ ಹೋಗುವ ಮುಂಚೆ ಇವರು, "ಇವತ್ತು ಗುಡಿಗೆ ಬಾ" ಎಂದು ಒಂದು ಸಲ ಹೇಳಿ ಹೋದರು. ಅವರು ಹಾಗೆ ಕರೆಯುವವರಲ್ಲ. ಏನೋ ಇದೆ ಎಂದು ಶಾಲು ಸುತ್ತಿಕೊಂಡು ಹೋಗಿ ಹಿಂದಿನ ಕಂಬದ ಹತ್ತಿರ ನಿಂತೆ.

ಅಭಿಷೇಕ ಮುಗಿಸಿ ಇವರು ಹೊರಗೆ ಬಂದರು. ಮೈ ಒದ್ದೆ, ಕೈಯಲ್ಲಿ ಒಂದು ವೀಳ್ಯದೆಲೆ. ಅದರ ಮೇಲೆ ಹಳದಿ ಬಟ್ಟೆಯ ಸಣ್ಣ ಗಂಟು. ಗರ್ಭಗುಡಿಯ ಹೊಸ್ತಿಲಿನ ಮುಂದೆ ಮಂಡಿ ಮಡಿಸಲು ಹೋಗಿ ಆಗದೆ, ಕಂಬ ಹಿಡಿದು ಬಗ್ಗಿ ಅದನ್ನು ಇಟ್ಟರು.

ಅಧ್ಯಕ್ಷರಿಗೆ ಖುಷಿಯಾಯಿತು. "ಅಮ್ಮನ ಲೆಕ್ಕದಲ್ಲಾ ಭಟ್ರೇ? ಒಳ್ಳೇದಾಯ್ತು."

"ಅವಳದ್ದಲ್ಲ. ನನ್ನದು" ಎಂದರು ಇವರು. "ಎಂಜಲು ಮಾಡಿದವ ನಾನು. ಬೆಳಗ್ಗೆ ಅವಳು ಉರುಳಿ ಇಳಿಸಿ ಕೊಟ್ಟ ಮೇಲೆ ಒಳಗೆ ತರುವುದು ನಾನೊಬ್ಬನೇ ಅಲ್ವಾ. ದಾರಿಯಲ್ಲಿ ಬೆರಳು ಹಾಕಿ ನೆಕ್ಕುತ್ತಿದ್ದೆ. ಪಾಯಸ ಕಂಡರೆ ನನಗೆ ತಡೀತಿರಲಿಲ್ಲ. ತಪ್ಪಾಯಿತು."

ಎಲ್ಲರೂ ನಂಬಿದರು. ಅಷ್ಟು ಬೇಗ ನಂಬಿದ್ದು ನೋಡಿ ನನಗೆ ಮೈ ಉರಿಯಿತು. ನಾನು ಮಾಡಿಲ್ಲ ಎಂದು ಒಂದು ಮಳೆಗಾಲ ಪೂರ್ತಿ ಹೇಳಿದಾಗ ನಂಬದವರು, ಇವರು ಮಾಡಿದೆ ಎಂದು ಒಂದು ಸಲ ಹೇಳಿದ್ದಕ್ಕೆ ತಲೆದೂಗಿದರು. ಸುಳ್ಳು ಹೇಳದ ಮನುಷ್ಯ ಎಂದು ಅವರಿಗೆ ಹೆಸರಿತ್ತಲ್ಲ.

ಅದು ಸುಳ್ಳೆಂದು ಗೊತ್ತಿದ್ದವಳು ಆ ಅಂಗಳದಲ್ಲಿ ನಾನೊಬ್ಬಳೇ. ನಮ್ಮವರಿಗೆ ಸಿಹಿ ಸೇರುವುದಿಲ್ಲ. ಪ್ರಸಾದದ ಪಾಯಸವನ್ನು ಕೂಡ ಕಣ್ಣಿಗೊತ್ತಿಕೊಂಡು ಒಂದು ಹನಿ ನಾಲಿಗೆಗೆ ಹಾಕಿ, ಉಳಿದದ್ದನ್ನು ನನ್ನ ಎಲೆಗೆ ದಾಟಿಸುತ್ತಾರೆ. ನಮ್ಮ ಮದುವೆಯ ದಿನ ಹೋಳಿಗೆ ಬಿಟ್ಟೆದ್ದರೆಂದು ನನ್ನ ತವರಿನವರು ಇಂದಿಗೂ ಆಡುತ್ತಾರೆ. ಓಡಿಹೋಗಿ, ಇಲ್ಲ, ಇದು ಸುಳ್ಳು ಎಂದು ಕೂಗಬೇಕೆಂದುಕೊಂಡೆ. ಬಾಯಿ ತೆರೆದೆ; ಒಣಗಿದ ನಾಲಿಗೆ ಮೇಲಕ್ಕೆ ಅಂಟಿಕೊಂಡು ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಣಿಕೆ ಇಟ್ಟರೆ ಒಲೆ ತಿರುಗಿ ಸಿಗಬಹುದು, ಆದರೆ ಎಂಜಲು ಮಾಡಿದ ಕೈ ಇನ್ನು ದೇವರನ್ನು ಮುಟ್ಟುವ ಹಾಗಿಲ್ಲ ಎನ್ನುವುದನ್ನು ಬೇರೆಯವರು ಹೇಳುವವರೆಗೆ ಇವರು ಕಾಯಲಿಲ್ಲ. ಅಭಿಷೇಕದ ತಂಬಿಗೆಯನ್ನು ಮೈದುನನ ಮಗನ ಕೈಗೆ ಕೊಟ್ಟು, "ನೀರು ಎತ್ತರದಿಂದ ಬಿಡ್ಬೇಡ, ಮೆಲ್ಲಗೆ ಬಿಡು" ಎಂದು ಹೇಳಿ, ಮೆಟ್ಟಿಲು ಇಳಿದು ಬಂದರು.

ಮನೆಗೆ ಬಂದ ಮೇಲೆ ನಾನು ಎರಡು ಲೋಟ ನೀರು ಕುಡಿದು ಶುರುಮಾಡಿದೆ. ಯಾರು ಹೇಳಿದ್ದು ನಿಮಗೆ, ಯಾರು ಕೇಳಿದ್ದು, ನಾನು ಕೇಳಿದ್ದು ಒಂದು ಮಾತು, ನೀವು ಮಾಡಿದ್ದು ಏನು? ಕಾಣದ್ದನ್ನು ಹೇಳುವುದಿಲ್ಲ ಅನ್ನುತ್ತಿದ್ದ ದೊಡ್ಡ ಮನುಷ್ಯ ಎಲ್ಲಿಗೆ ಹೋದ? ಅವರು ಒದ್ದೆ ಪಂಚೆಯನ್ನು ಹಗ್ಗಕ್ಕೆ ಹರಡುತ್ತ ಕೇಳಿಸಿಕೊಂಡರು.

"ಒಲೆಯ ಹತ್ರ ನಾನಿರಲಿಲ್ಲ, ಅದಕ್ಕೆ ಅಲ್ಲಿಯದ್ದು ಹೇಳ್ಲಿಕ್ಕೆ ಆಗ್ಲಿಲ್ಲ. ದಾರಿಯಲ್ಲಿ ಇದ್ದದ್ದು ನಾನೊಬ್ಬನೇ. ಅಲ್ಲಿ ಏನಾಯ್ತು ಅಂತ ಬೇರೆ ಯಾರೂ ಸಾಕ್ಷಿ ಇಲ್ಲ."

"ದೇವರಿಗೆ ಗೊತ್ತಿಲ್ವಾ?"

"ಗೊತ್ತುಂಟು. ಅದಕ್ಕೇ ಧೈರ್ಯವಾಗಿ ಹೇಳಿದೆ. ಅವನಿಗೂ ಗೊತ್ತಿಲ್ಲದಿದ್ರೆ ಹೇಗೆ ಹೇಳ್ಲಿ?" ಪಂಚೆಯ ಸುಕ್ಕು ಬಿಡಿಸಿದರು. "ನಿನ್ನ ಒಲೆ ನಿನಗಾಯ್ತು. ಇನ್ನು ಸುಮ್ಮನಿರು. ನಾಳೆ ಬೇಗ ಏಳ್ಬೇಕು ನೀನು."

ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮೈಸೂರಿನ ಆ ಮೇಜಿನ ಮೇಲೂ ಅತ್ತವಳಲ್ಲ.

ಮಾರನೆಯ ಬೆಳಗ್ಗೆ ಹೋದೆ. ಹೋಗದಿದ್ದರೆ ಅವರು ಕಳೆದುಕೊಂಡದ್ದು ಸುಮ್ಮನೆ ಹೋಗುತ್ತಿತ್ತು. ಮೈದುನನ ಮಗನ ಹೆಂಡತಿ ಸೌಟನ್ನು ಕೈಗೆ ಕೊಡದೆ ಒಲೆಕಟ್ಟೆಯ ಮೇಲಿಟ್ಟು ಹೋದಳು. ಒದ್ದೆ ಸೀರೆ ಚಳಿಗೆ ಮೈಗೆ ಅಂಟುತ್ತಿತ್ತು. ಬಟ್ಟೆ ಕಟ್ಟಿಕೊಂಡೆ, ಕಟ್ಟಿಗೆ ಹೊತ್ತಿಸಿದೆ, ಅಕ್ಕಿ ಹಾಕಿದೆ. ಕೈ ಏನನ್ನೂ ಮರೆತಿರಲಿಲ್ಲ. ಇದನ್ನೇ ಬೇಡಿದ್ದೆ ನಾನು, ಬೇಡಿದ್ದು ಕಣ್ಣೆದುರಿಗೇ ಬೇಯುತ್ತಿತ್ತು. ಆದರೆ ಗೋಡೆಯಾಚೆ ಕೇಳಿದ ನೀರಿನ ಸದ್ದು ಬೇರೆ. ಹುಡುಗು ಕೈಯ ಅವಸರದ ಸದ್ದು. ಕಿಟಕಿಯಿಂದ ಹೊರಗೆ ನೋಡಿದೆ. ಇವರು ಹೊರಜಗಲಿಯ ಮೇಲೆ, ಭಕ್ತರು ಕೂರುವ ಜಾಗದಲ್ಲಿ, ಗುಡಿಯ ಕಡೆಗೆ ಮುಖ ಮಾಡಿ ಕೂತಿದ್ದರು. ನೀರು ಬಿದ್ದಾಗಲೆಲ್ಲ ಅವರ ಬಲಗೈ ಮೊಣಕಾಲಿನ ಮೇಲೆ ತಾನಾಗಿಯೇ ಸ್ವಲ್ಪ ಬಾಗುತ್ತಿತ್ತು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ನನ್ನ ನಾಲಿಗೆ ಹೋದಾಗ ಬಂದಿರಲಿಲ್ಲ ಅಷ್ಟು. ಕುರ್ಚಿಗಳಿಂದ ಹಿಂದಕ್ಕೆ ತಿರುಗಿದ ಮುಖಗಳನ್ನು ನೋಡಿದಾಗಲೂ ಇಲ್ಲ. ಮಾಡದ ತಪ್ಪಿಗೆ ಅವರು ಕಾಣಿಕೆ ಇಟ್ಟು ಹೊರಗೆ ಕೂತಿದ್ದಾರೆ, ನಾನು ಪರಿಶುದ್ಧಳಾಗಿ ಒಳಗೆ ನಿಂತಿದ್ದೇನೆ. ಈ ಪರಿಶುದ್ಧಿ ನನಗೆ ಯಾಕೆ ಬೇಕು? ಪಾಯಸ ಇಳಿಸುವ ಹದಕ್ಕೆ ಬಂದಿತ್ತು. ನಾನು ಬಾಯಿಗೆ ಕಟ್ಟಿದ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿದೆ. ಸೌಟಿನಲ್ಲಿ ಪಾಯಸ ತೆಗೆದು, ಊದಿ, ಬಾಯಿಗೆ ಹಾಕಿ ನುಂಗಿದೆ. ಅದೇ ಸೌಟನ್ನು ತಿರುಗಿ ಉರುಳಿಗೆ ಅದ್ದಿ ಕೈಯಾಡಿಸಿದೆ. ಏನು ಮಾಡುತ್ತಿದ್ದೇನೆಂದು ಪೂರ್ತಿ ತಿಳಿದೇ ಮಾಡಿದೆ. ಇದನ್ನು ಓದಿ ಸಮಿತಿಯವರು ಮತ್ತೊಂದು ಪ್ರಶ್ನೆ ಇಡಿಸುವುದಾದರೆ ಇಡಿಸಲಿ. ಈ ಸಲ ಜೋಯಿಸರಿಗೆ ಕವಡೆ ಉಜ್ಜುವ ಕಷ್ಟವಿಲ್ಲ.

ಬಾಯಿಗೆ ಏನೂ ತಿಳಿಯಲಿಲ್ಲ. ಬಿಸಿ ಒಂದು ಗೊತ್ತಾಯಿತು, ಗಂಟಲಿನಿಂದ ಎದೆಗೆ ಇಳಿಯುವವರೆಗೂ.

ಮೈದುನನ ಮಗ ಬಂದು ಉರುಳಿ ಎತ್ತಿಕೊಂಡು ಹೋದ. ಗರ್ಭಗುಡಿಯ ಬಾಗಿಲು ಹಾಕಿದ ಸದ್ದು ಕೇಳಿತು, ಆಮೇಲೆ ಗಂಟೆ. ದೇವರು ಉಣ್ಣುವ ಹೊತ್ತು ಅದು. ನಾನು ಒಲೆಯ ಮುಂದೆ ಕೈಕಟ್ಟಿಕೊಂಡು ನಿಂತು ಕಾದೆ. ಸಿಡಿಲು ಹೊಡೆಯಲಿಲ್ಲ, ದೀಪ ಆರಲಿಲ್ಲ. ಬಾಗಿಲು ತೆರೆಯಿತು. ದೇವರು ಉಂಡಿದ್ದ. ನನ್ನ ಎಂಜಲೆಂದು ತಿಳಿದೇ ಉಂಡ ಎಂದು ನಾನು ನಂಬಿದ್ದೇನೆ. ಆವತ್ತಿನಿಂದ ದಿನಾ ಬೆಳಗ್ಗೆ ಒಂದು ಸೌಟು ನಾನು ಮೊದಲು ಉಣ್ಣುತ್ತೇನೆ, ಆಮೇಲೆ ಅವನು ಉಣ್ಣುತ್ತಾನೆ, ಹೊರಗೆ ಕೂತ ಇವರ ಅಂಗೈಗೆ ಕೊನೆಗೆ ಒಂದು ಹನಿ ಬೀಳುತ್ತದೆ.